ಮೂಗಲ್ಲಿ ರಕ್ತ ಬಂದ ರೀಲ್, ಕಾಫಿ ಕಣದ ಬಾಕ್ಸಿಂಗ್ ಕ್ಲಾಸ್

ನಮ್ಮೂರ ಬಾಕ್ಸಿಂಗ್ ಕ್ಲಾಸಿನ ಇನ್‌ಸ್ಟಾಗ್ರಾಮ್ ಪೇಜ್ ನೋಡ್ಕೊಳ್ತಿರೋದು ನಾನು. ಯಾರೂ ಹೇಳಿ ಮಾಡಿಸಿದ್ದಲ್ಲ, ಕೊಡಗಿನ ಗೋಣಿಕೊಪ್ಪದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡೋದು ನನ್ನ ಕೆಲಸ, ತಮ್ಮ ಕ್ಲಾಸಿಗೆ ಸೇರಿದ್ದ, ಸಂಜೆ ಅವನನ್ನ ಸ್ಕೂಟಿಲಿ ಕರ್ಕೊಂಡ್ ಬರೋಕೆ ಹೋಗ್ತಿದ್ದೆ, ಕಾಯೋ ಹೊತ್ತಲ್ಲಿ ಫೋನಲ್ಲಿ ಒಂದೆರಡು ವಿಡಿಯೋ ತೆಗೆದು ಹಾಕ್ದೆ, ಹಾಗೇ ಶುರುವಾಯ್ತು. ತಮ್ಮ ಈಗ ಮೈಸೂರಲ್ಲಿ ಓದ್ತಿದಾನೆ, ನಾನು ಮಾತ್ರ ಪ್ರತಿ ಭಾನುವಾರ ಕ್ಲಾಸಿಗೆ ಹೋಗೋದು ಬಿಟ್ಟಿಲ್ಲ.

ಕ್ಲಾಸ್ ಅಂದ್ರೆ ದೊಡ್ಡ ಅಕಾಡೆಮಿ ಅಂತ ಅಂದ್ಕೋಬೇಡಿ. ಮಿಲಿಟ್ರಿಯಿಂದ ರಿಟೈರ್ ಆಗಿ ಬಂದ ಒಬ್ರು, ಸರ್ವಿಸಲ್ಲಿದ್ದಾಗ ರೆಜಿಮೆಂಟ್ ಬಾಕ್ಸಿಂಗ್ ಟೀಮಲ್ಲಿ ಆಡಿದವ್ರು, ತಮ್ಮ ಮನೆ ಕಣದಲ್ಲೇ ಮಕ್ಕಳಿಗೆ ಹೇಳ್ಕೊಡ್ತಾರೆ. ಊರೆಲ್ಲ ಅವರನ್ನ ಮಿಲಿಟ್ರಿ ಮಾವ ಅಂತಾರೆ, ಕ್ಲಾಸಿನ ಮಕ್ಕಳಿಗೆ ಸಾರ್. ಕಾಫಿ ಒಣಗಿಸೋ ಸಿಮೆಂಟ್ ಕಣ, ಸೀಮೆಸುಣ್ಣದಲ್ಲಿ ಗೆರೆ ಎಳೆದ್ರೆ ಅದೇ ರಿಂಗು. ಡಿಸೆಂಬರ್ ಆಯ್ತು ಅಂದ್ರೆ ಕಣದ ತುಂಬ ಕಾಫಿ ಹರಡಿರ್ತಾರೆ, ಆಗ ಕ್ಲಾಸು ಗೋಡೌನಿಗೆ ಶಿಫ್ಟ್, ಚೀಲದ ರಾಶಿ ಮಧ್ಯೆ ಮಕ್ಕಳು ಸ್ಕಿಪ್ಪಿಂಗ್ ಮಾಡ್ತಿರ್ತಾರೆ. ಮಳೆಗಾಲದಲ್ಲೂ ಅಲ್ಲೇ. ಎರಡು ಪಂಚಿಂಗ್ ಬ್ಯಾಗ್ ಇದೆ, ಒಂದು ಅಂಗಡಿಯಿಂದ ತಂದಿದ್ದು, ಇನ್ನೊಂದು ಗೋಣಿಚೀಲಕ್ಕೆ ಹಳೇ ಬಟ್ಟೆ ತುಂಬಿ ಸಾರೇ ಹೊಲಿದಿದ್ದು.

ಈಗ ಹೇಳ್ಬೇಕಾದ ವಿಷ್ಯಕ್ಕೆ ಬರ್ತೀನಿ, ಹೇಳೋಕೆ ಕಷ್ಟ ಆಗುತ್ತೆ ಆದ್ರೂ ಹೇಳ್ಬೇಕು. ಪೇಜ್ ಶುರು ಮಾಡಿದ ಮೊದಲ ವರ್ಷ ಒಂದು ಸ್ಪಾರಿಂಗ್, ಅಂದ್ರೆ ಅಭ್ಯಾಸದ ಪಂದ್ಯದ, ವಿಡಿಯೋ ತೆಗೆದಿದ್ದೆ. ಎಂಟನೇ ಕ್ಲಾಸಿನ ಹುಡುಗಿ, ತುಂಬಾ ಚುರುಕು, ಹೆಡ್ ಗಾರ್ಡ್ ಹಾಕಿದ್ಲು, ಎದುರಿಗಿದ್ದವಳ ಜ್ಯಾಬ್, ಅಂದ್ರೆ ಮುಂದಿನ ಕೈಯ ನೇರ ಪಂಚು, ಸೀದಾ ಬಂತು, ಮೂಗಿಂದ ಸ್ವಲ್ಪ ರಕ್ತ ಬಂತು. ಸಾರ್ ತಕ್ಷಣ ನಿಲ್ಸಿದ್ರು, ಮೂಗು ಒತ್ತಿ ಹಿಡಿದು ತಲೆ ಮುಂದಕ್ಕೆ ಬಗ್ಗಿಸಿ ಕೂರ್ಸಿದ್ರು, ಐದು ನಿಮಿಷದಲ್ಲಿ ನಿಂತೋಯ್ತು, ಹುಡುಗಿ ನಗ್ತಾನೇ ಇದ್ಲು. ನಾನು ಮನೆಗೆ ಬಂದು ಅದೇ ಎರಡು ಸೆಕೆಂಡನ್ನ ಸ್ಲೋ ಮೋಷನ್ ಮಾಡಿ, ಜೋರು ಡ್ರಮ್ ಮ್ಯೂಸಿಕ್ ಹಾಕಿ ಬಿಟ್ಟೆ. ಅದುವರೆಗೆ ನಮ್ಮ ಪೇಜಲ್ಲಿ ಯಾವ ವಿಡಿಯೋನೂ ಅಷ್ಟು ಓಡಿರ್ಲಿಲ್ಲ, ಎಲ್ಲೆಲ್ಲಿಂದನೋ ಕಾಮೆಂಟು, ಹರಿಯಾಣದಿಂದ, ಮಣಿಪುರದಿಂದ, ನಮಗೆ ಗೊತ್ತೇ ಇಲ್ಲದ ದೇಶದ ಬಾವುಟಗಳು. ರಾತ್ರಿ ನಿದ್ದೆ ಬರದಷ್ಟು ಖುಷಿ ಆಗಿತ್ತು ನನಗೆ.

ಮಾರನೇ ದಿನ ಅವಳ ಅಮ್ಮ ಫೋನ್ ಮಾಡಿದ್ರು. ಜಗಳ ಆಡ್ಲಿಲ್ಲ, ಮೆಲ್ಲಗೇ ಹೇಳಿದ್ರು, "ಮಗಳನ್ನ ಆಟ ಕಲೀಲಿ ಅಂತ ಕಳ್ಸಿದ್ದು ಮೋಳೆ (ಮಗಳೇ), ನೀನು ಅವಳ ರಕ್ತ ಊರಿಗೆಲ್ಲ ತೋರ್ಸಿಬಿಟ್ಟೆ." ಆಗಲೇ ವಿಡಿಯೋ ಅವರ ಸಂಬಂಧಿಕರ ವಾಟ್ಸಪ್ ಗ್ರೂಪಿಗೆ ಹೋಗಿತ್ತು, ಅತ್ತೆ ಮನೆ ಕಡೆಯವ್ರು ಫೋನ್ ಮಾಡಿ ಹೆಣ್ಣುಮಗೂನ ಇದಕ್ಕೆಲ್ಲ ಯಾಕೆ ಕಳ್ಸಿದ್ದು ಅಂತ ಕೇಳಿದ್ರಂತೆ. ನಾನು ಡಿಲೀಟ್ ಮಾಡ್ದೆ, ಆದ್ರೆ ಡೌನ್‌ಲೋಡ್ ಆಗಿ ಹೋಗಿದ್ದನ್ನ ವಾಪಸ್ ತರೋಕೆ ಆಗುತ್ತಾ. ಆ ವಾರ ಅವಳು ಬರ್ಲಿಲ್ಲ, ಅವಳ ಜೊತೆ ಆಟೋಲಿ ಬರ್ತಿದ್ದ ಇನ್ನಿಬ್ರೂ ಬರ್ಲಿಲ್ಲ. ಸಾವಿರಾರು ಜನ ನೋಡಿದ್ದಕ್ಕೆ ಕ್ಲಾಸಿಗೆ ಒಂದು ಮಗೂನೂ ಹೊಸದಾಗಿ ಸೇರ್ಲಿಲ್ಲ, ಇದ್ದ ಮೂವರು ಹೋದ್ರು. ಸಾರ್ ನನಗೆ ಒಂದು ಮಾತೂ ಬೈಲಿಲ್ಲ, ಅದೇ ಜಾಸ್ತಿ ನೋವಾಗಿದ್ದು.

ಅಲ್ಲಿಂದ ನಾನು ಈ ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್ ಅನ್ನೋದನ್ನ ಬೇರೆ ಥರ ಯೋಚ್ನೆ ಮಾಡೋಕೆ ಶುರು ಮಾಡಿದ್ದು. ಯಾರಿಗೆ ತೋರಿಸ್ತಿದೀನಿ? ಮಗೂನ ಕಳ್ಸೋಕೆ ಒಪ್ಪಬೇಕಾದವ್ರು ಯಾರು? ತೋಟದ ಕೆಲಸದವ್ರ ಲೈನ್ ಮನೇಲಿರೋ ತಾಯಿ, ತೋಟದ ಲೆಕ್ಕ ಬರೆಯೋ ರೈಟರು, ಕುಟ್ಟ ಬಸ್ಸಲ್ಲಿ ಬರೋ ಟೀಚರು. ಅವ್ರು ಯಾರೂ ಇನ್‌ಸ್ಟಾಗ್ರಾಮ್ ರೀಲ್ ನೋಡಿ ತೀರ್ಮಾನ ಮಾಡೋರಲ್ಲ, ರಾತ್ರಿ ಊಟ ಆದ್ಮೇಲೆ ವಾಟ್ಸಪ್ ಸ್ಟೇಟಸ್ ನೋಡೋರು.

ಇಲ್ಲಿ ಹಾಕಿ ವಿಷ್ಯ ಹೇಳ್ಲೇಬೇಕು, ಕೊಡಗಲ್ಲಿ ಕೂತು ಹಾಕಿ ಬಿಟ್ಟು ಆಟದ ಬಗ್ಗೆ ಮಾತಾಡೋಕೆ ಆಗಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವ್ರು ಶುರು ಮಾಡಿದಾಗ 60 ಕುಟುಂಬ ಆಡಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ಆದಾಗ 360 ಟೀಮು, ಗಿನ್ನೆಸ್ ದಾಖಲೆ. ಆ ಸೀಸನಲ್ಲಿ ನಮ್ಮ ಕಡೆ ಫೋನ್ ತೆಗೆದ್ರೆ ಅದೇ, ಯೂಟ್ಯೂಬಲ್ಲಿ ಲೈವು, ಸ್ಟೇಟಸ್ಸಲ್ಲಿ ಸ್ಕೋರು, ದುಬೈಲಿರೋರು ಬೆಂಗಳೂರಲ್ಲಿರೋರು ಎಲ್ರೂ ಶೇರ್ ಮಾಡ್ತಾರೆ. ನಾನು ಕೂತು ಗಮನಿಸ್ದೆ ಏನನ್ನ ಶೇರ್ ಮಾಡ್ತಾರೆ ಅಂತ. ಚೆನ್ನಾಗಿರೋ ಗೋಲನ್ನಲ್ಲ. ಮೊದಲ ರೌಂಡಲ್ಲೇ ಸೋತ್ರೂ ಪರ್ವಾಗಿಲ್ಲ, ತಮ್ಮ ಒಕ್ಕದ, ಅಂದ್ರೆ ಮನೆತನದ, ಹೆಸರು ಜರ್ಸಿ ಮೇಲಿದೆ, ಅಜ್ಜನೂ ಮೊಮ್ಮಗಳೂ ಒಂದೇ ಟೀಮಲ್ಲಿ ನಿಂತಿದಾರೆ, ಆ ಫೋಟೋ ಹೋಗುತ್ತೆ. ನಮ್ಮ ಜಿಲ್ಲೇಲಿ ಸುದ್ದಿ ಓಡೋದು ನೆಂಟಸ್ತನದ ದಾರೀಲಿ. ಅಲ್ಗಾರಿದಮ್ ಅಂತ ಏನ್ ಹೇಳ್ತಾರೋ ಅದಕ್ಕಿಂತ ನಮ್ಮ ಅತ್ತೆ ಚಿಕ್ಕಮ್ಮಂದಿರು ಬೇಗ ತಲುಪಿಸ್ತಾರೆ, ಇದನ್ನ ನಾನು ಪೂರ್ತಿ ನಂಬ್ತೀನಿ.

ಬಾಕ್ಸಿಂಗಿಗೆ ಆ ನೆಂಟಸ್ತನ ಇರ್ಲಿಲ್ಲ. ಹಾಕಿ ನಮ್ಮದು, ಬಾಕ್ಸಿಂಗ್ ಯಾರದ್ದೋ ಅನ್ನೋ ಭಾವನೆ. ಆದ್ರೆ ಅದು ನಿಜ ಅಲ್ಲ! ಮನೆಗೊಬ್ಬ ಮಿಲಿಟ್ರಿಗೆ ಹೋದ ಜಿಲ್ಲೆ ಇದು, ಮಿಲಿಟ್ರೀಲಿ ಬಾಕ್ಸಿಂಗ್ ಎಷ್ಟು ದೊಡ್ಡ ಆಟ ಅಂತ ಹಿರಿಯರಿಗೆ ಗೊತ್ತು. ಸಿ.ಸಿ. ಮಾಚಯ್ಯನವ್ರು ನಮ್ಮ ಕೊಡಗಿನವರು, ಬಾಕ್ಸಿಂಗಿಗೆ ಅರ್ಜುನ ಪ್ರಶಸ್ತಿ ತಗೊಂಡವರು, ಎಪ್ಪತ್ತರ ದಶಕದ ಕೊನೆ ಹೊತ್ತಿಗೇ. ಕ್ಲಾಸಿಗೆ ಬರೋ ಮಕ್ಕಳಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು ಅಂತ ಕೇಳಿದ್ರೆ ಒಬ್ರೂ ಕೈ ಎತ್ತಲಿಲ್ಲ, ಟೆನಿಸ್‌ನ ಬೋಪಣ್ಣ ಗೊತ್ತು, ಓಟದ ಅಶ್ವಿನಿ ನಾಚಪ್ಪ ಗೊತ್ತು, ಮಾಚಯ್ಯ ಗೊತ್ತಿಲ್ಲ. ಅವತ್ತು ರಾತ್ರಿ ಕೂತು ಒಂದು ಪೋಸ್ಟ್ ಮಾಡ್ದೆ, ಮ್ಯೂಸಿಕ್ ಇಲ್ಲ ಏನಿಲ್ಲ, ಮಾಚಯ್ಯನವ್ರ ಬಗ್ಗೆ ಬರೀ ನಾಲ್ಕು ಸಾಲಿನ ಕಾರ್ಡು, ಕನ್ನಡದಲ್ಲಿ ಒಂದು, ಕೊಡವ ತಕ್ಕಲ್ಲಿ ಅಂದ್ರೆ ಕೊಡವ ಭಾಷೇಲಿ ಒಂದು, ಅರೆಭಾಷೇಲಿ ಒಂದು, ಒಟ್ಟು ಮೂರು. ಇನ್‌ಸ್ಟಾಗ್ರಾಮಲ್ಲಿ ಲೈಕ್ ಕಮ್ಮಿ. ಆದ್ರೆ ವಾಟ್ಸಪ್ಪಲ್ಲಿ ಅದು ಎಲ್ಲೆಲ್ಲಿ ಸುತ್ತಿತು ಅಂದ್ರೆ ಮೂರನೇ ದಿನ ನಮ್ಮ ಮನೆ ಗ್ರೂಪಿಗೇ ವಾಪಸ್ ಬಂತು, ಕಳ್ಸಿದವ್ರಿಗೆ ನಾನೇ ಮಾಡಿದ್ದು ಅಂತ ಗೊತ್ತಿರ್ಲಿಲ್ಲ. ಆ ಭಾನುವಾರ ಇಬ್ರು ರಿಟೈರ್ಡ್ ಮಿಲಿಟ್ರಿಯವ್ರು ಮೊಮ್ಮಕ್ಕಳನ್ನ ಜೀಪಲ್ಲಿ ಕರ್ಕೊಂಡ್ ಬಂದು ಕಣದ ಹತ್ರ ನಿಲ್ಸಿದ್ರು.

ಅದಾದ್ಮೇಲೆ ಮಕ್ಕಳ ಪೋಸ್ಟಿಗೂ ಇದೇ ದಾರಿ ಹಿಡ್ದೆ. ಅಪ್ಪ ಅಮ್ಮ ಒಪ್ಪಿದ್ರೆ ಮಾತ್ರ ಮುಖ, ಇಲ್ಲಾಂದ್ರೆ ಕೈ ಕಾಲು ಮಾತ್ರ. ಓದೋ ಸ್ಕೂಲಿನ ಹೆಸರು ಹಾಕಲ್ಲ, ಕ್ಲಾಸ್ ಬಿಡೋ ಟೈಮ್ ಹಾಕಲ್ಲ, ಹೆಣ್ಣುಮಕ್ಕಳ ವಿಡಿಯೋಗೆ ಕಾಮೆಂಟ್ ಆಫ್. ರಕ್ತ, ಬೀಳೋದು, ಅಳೋದು ಇದ್ಯಾವುದೂ ಪೇಜಲ್ಲಿ ಬರಲ್ಲ. ಹಾಗಾದ್ರೆ ಬಾಕ್ಸಿಂಗಲ್ಲಿ ತೋರ್ಸೋಕೆ ಇನ್ನೇನು ಉಳೀತು ಅಂತ ಒಬ್ಬ ಫ್ರೆಂಡ್ ಕೇಳಿದ್ಲು, ಅವಳಿಗೆ ಸಾರ್ ಹೇಳಿದ್ದನ್ನೇ ಹೇಳ್ದೆ, ಮೊದಲ ಮೂರು ತಿಂಗಳು ಬಾಕ್ಸಿಂಗ್ ಅಂದ್ರೆ ಕಾಲು, ಕೈ ಆಮೇಲೆ.

ಕಾಲಿನ ವಿಡಿಯೋ ತೆಗ್ದೆ. ಕಣದ ಮೇಲೆ ಸುಣ್ಣದ ಗೆರೆ, ಗೆರೆಯ ಆಚೆ ಈಚೆ ಹನ್ನೊಂದು ಜೊತೆ ಕಾಲು, ಎಡಗಾಲು ಮುಂದೆ, ಬಲಗಾಲಿನ ಹಿಮ್ಮಡಿ ಸ್ವಲ್ಪ ಮೇಲೆ, ಸಾರ್ ಚಪ್ಪಾಳೆಗೆ ಎಲ್ಲ ಒಟ್ಟಿಗೆ ಜಾರ್ತಾವೆ. ಪಕ್ಕದಲ್ಲಿ ಸಾಲಾಗಿ ಬಿಟ್ಟಿರೋ ಗಂಬೂಟು. ಹಿನ್ನೆಲೇಲಿ ಹಾಡು ಹಾಕ್ಲೇ ಇಲ್ಲ, ಕಾಲು ಸಿಮೆಂಟಿಗೆ ಉಜ್ಜೋ ಸದ್ದು, ಚಪ್ಪಾಳೆ, ದೂರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಓಡೋ ಸದ್ದು ಅಷ್ಟೇ. ಇನ್ನೊಂದು ಕೈಗೆ ಪಟ್ಟಿ ಸುತ್ತೋದು, ಹ್ಯಾಂಡ್ ರ್ಯಾಪ್ ಅಂತಾರಲ್ಲ ಅದು, 180 ಇಂಚಿನ ಉದ್ದದ ಪಟ್ಟಿ, ಹೆಬ್ಬೆರಳಿಂದ ಶುರು ಮಾಡಿ ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿನ ಮೇಲೆ ಮೂರು ಸುತ್ತು, ಬೆರಳ ಸಂದಿಲಿ ಒಂದೊಂದು ಎಳೆ. ಅಕ್ಕ ತಂಗಿ ಒಬ್ಬರಿಗೊಬ್ರು ಸುತ್ಕೊಡ್ತಿದ್ರು, ಜಡೆ ಹಾಕ್ಕೊಟ್ಟ ಹಾಗೆ. ಈ ವಿಡಿಯೋ ನೋಡಿ ಫೋನ್ ಮಾಡಿದ ತಾಯಂದಿರು ಕೇಳಿದ್ದೆಲ್ಲ ಒಂದೇ, ಮೂಳೆ ಮುರಿಯದ ಹಾಗೆ ಇಷ್ಟೆಲ್ಲ ಮಾಡ್ತೀರಾ ಅಂತ. ಹೌದು ಅಕ್ಕ, ಹಲ್ಲಿಗೆ ಮೌತ್ ಗಾರ್ಡ್ ಇದೆ, ತಲೆಗೆ ಹೆಡ್ ಗಾರ್ಡ್ ಇದೆ, ಸ್ಪಾರಿಂಗಿಗೆ 16 ಔನ್ಸಿನ ದಪ್ಪ ಗ್ಲೌಸು, ತಲೆಗೆ ಪೆಟ್ಟು ಬಿತ್ತು ಅಂತ ಅನುಮಾನ ಬಂದ್ರೂ ಅವತ್ತಿಗೆ ಆ ಮಗು ಮತ್ತೆ ಆಡೋ ಹಾಗಿಲ್ಲ, ಡಾಕ್ಟರ್ ಹೇಳೋವರೆಗೂ ಇಲ್ಲ. ಇಷ್ಟನ್ನ ಒಂದು ಸ್ಟೇಟಸ್ ಮಾಡಿ ಹಾಕ್ದೆ, ಈಗ್ಲೂ ತಿಂಗಳಿಗೊಂದ್ಸಲ ಹಾಕ್ತೀನಿ.

ದೊಡ್ಡ ಲೋಕದಲ್ಲಿ ನಡೆಯೋದೇ ಬೇರೆ ಬಿಡಿ. 2018ರಲ್ಲಿ ಕೆಎಸ್‌ಐ ಮತ್ತೆ ಲೋಗನ್ ಪಾಲ್ ಅಂತ ಇಬ್ರು ಯೂಟ್ಯೂಬರ್‌ಗಳು ಮ್ಯಾಂಚೆಸ್ಟರಲ್ಲಿ ಬಾಕ್ಸಿಂಗ್ ಆಡಿದ್ರು, ಅಲ್ಲಿಂದ ಈ ಟ್ರೆಂಡ್ ಜೋರಾಯ್ತು. ಆಮೇಲೆ ಲೋಗನ್ ತಮ್ಮ ಜೇಕ್ ಪಾಲ್, ಹಳೇ ವಿಶ್ವ ಚಾಂಪಿಯನ್ ಮೈಕ್ ಟೈಸನ್ ಜೊತೆನೇ ಆಡಿದ, 2024ರ ನವೆಂಬರ್ 15, ನಮಗೆ 16ರ ಶನಿವಾರ ಬೆಳಗ್ಗೆ, ನೆಟ್‌ಫ್ಲಿಕ್ಸಲ್ಲಿ ಲೈವ್, 6 ಕೋಟಿ ಮನೆಗಳಲ್ಲಿ ನೋಡಿದ್ರು ಅಂತ ನೆಟ್‌ಫ್ಲಿಕ್ಸ್‌ನವ್ರೇ ಹೇಳಿದ್ರು. ಟೈಸನ್‌ಗೆ 58, ಜೇಕ್‌ಗೆ 27. ಹಿಂದಿನ ದಿನ ತೂಕ ನೋಡೋ ಹೊತ್ತಲ್ಲಿ ಟೈಸನ್ ಜೇಕ್ ಕೆನ್ನೆಗೆ ಬಾರಿಸಿದ್ದು ಎಲ್ರ ಫೋನಲ್ಲೂ ಓಡ್ತಿತ್ತು. ನಮ್ಮ ಕ್ಲಾಸಿನ ಹುಡುಗ್ರು ಗುಡ್ಡದ ಮೇಲೆ ನೆಟ್‌ವರ್ಕ್ ಸಿಗೋ ಜಾಗಕ್ಕೆ ಹೋಗಿ ಒಂದೇ ಫೋನಲ್ಲಿ ಏಳು ಜನ ನೋಡಿದ್ರು, ಅದೂ ನಿಂತು ನಿಂತು ಬಂತು, ಆ ದಿನ ದೊಡ್ಡ ದೊಡ್ಡ ಊರಲ್ಲೇ ಬಫರ್ ಆಗಿತ್ತಲ್ಲ. ಮ್ಯಾಚು ಸಪ್ಪೆ ಅನ್ನಿಸ್ತು ಅವ್ರಿಗೆ. ಆದ್ರೆ ಅದೇ ದಿನದ ಇನ್ನೊಂದು ಮ್ಯಾಚಲ್ಲಿ ನಮ್ಮ ಹರಿಯಾಣದ ನೀರಜ್ ಗೋಯತ್ ಕೂಡ ಆಡಿದ್ರು, ಬ್ರೆಜಿಲಿನ ವಿಂಡರ್ಸನ್ ನುನೆಸ್ ವಿರುದ್ಧ, ಗೆದ್ರು ಕೂಡ, ಅದನ್ನ ನೋಡಿ ಹುಡುಗ್ರು ಕುಣಿದಾಡಿದ್ರು.

ಇಂಥ ಜಗಳದ ಮಾರ್ಕೆಟಿಂಗಿಂದ ಆಟಕ್ಕೆ ನಷ್ಟ ಅಂತ ನಾನು ಹೇಳಲ್ಲ. ಸೋಮವಾರ ಕ್ಲಾಸಿಗೆ ನಾಲ್ಕು ಹೊಸ ಹುಡುಗ್ರು ಬಂದಿದ್ರು. ಆದ್ರೆ ಬಂದವ್ರು ಮೊದಲ ದಿನವೇ ಗ್ಲೌಸ್ ಕೇಳಿದ್ರು, ಮೊದಲು ಕಾಲಿನ ಕೆಲಸ ಅಂದಾಗ ಒಬ್ಬೊಬ್ರೇ ಹೋದ್ರು, ಒಬ್ಬ ಉಳಿದ, ಅವನು ಈಗ್ಲೂ ಬರ್ತಾನೆ. ಕೈಗೆ ಪಟ್ಟಿ ಸುತ್ತೋ ವಿಡಿಯೋ ನೋಡಿ ಬಂದವ್ರು ಹಾಗೆ ಬಿಟ್ಟು ಹೋಗ್ಲಿಲ್ಲ. ಜಗಳ ನೋಡಿ ಬಂದೋನು ಜಗಳ ಹುಡುಕ್ತಾನೆ, ಕೆಲಸ ನೋಡಿ ಬಂದೋನಿಗೆ ಏನಕ್ಕೆ ಬಂದೆ ಅಂತ ಮೊದಲೇ ಗೊತ್ತಿರುತ್ತೆ.

ಹೆಣ್ಣುಮಕ್ಕಳ ವಿಷ್ಯಕ್ಕೆ ಬಂದ್ರೆ ನನಗೆ ನಿಖತ್ ಜರೀನ್ ಕತೆ ಹೇಳದೆ ಇರೋಕೆ ಆಗಲ್ಲ. ನಿಜಾಮಾಬಾದಿನ ಹುಡುಗಿ, 2019ರಲ್ಲಿ ಮೇರಿ ಕೋಮ್ ಜೊತೆ ಟ್ರಯಲ್, ಅಂದ್ರೆ ಆಯ್ಕೆ ಪಂದ್ಯ, ಬೇಕು ಅಂತ ಕ್ರೀಡಾ ಸಚಿವರಿಗೆ ಪತ್ರ ಬರೆದು ಅದನ್ನ ಟ್ವಿಟರಲ್ಲಿ ಎಲ್ರಿಗೂ ಕಾಣೋ ಹಾಗೆ ಹಾಕಿದ್ಲು. ಆರು ಸಲ ವಿಶ್ವ ಚಾಂಪಿಯನ್ ಆದವರ ಎದುರು ನಿಂತು ಕೇಳೋದು ಸಣ್ಣ ವಿಷ್ಯ ಅಲ್ಲ, ಎಷ್ಟೋ ಜನ ಬೈದ್ರು. ಟ್ರಯಲ್ ಸಿಕ್ತು, ಸೋತ್ಲು. 2022ರಲ್ಲಿ ಇಸ್ತಾಂಬುಲಲ್ಲಿ ವಿಶ್ವ ಚಾಂಪಿಯನ್ ಆದ್ಲು, ಗೆದ್ದ ಕೂಡ್ಲೇ ಅವಳು ಕೇಳಿದ್ದು ನಾನು ಟ್ವಿಟರಲ್ಲಿ ಟ್ರೆಂಡ್ ಆಗ್ತಿದೀನಾ ಅಂತ, ಅದು ಅವಳ ಆಸೆ ಆಗಿತ್ತಂತೆ. ಕೆಲವ್ರಿಗೆ ಅದು ಸಣ್ಣ ಆಸೆ ಅನ್ನಿಸಬಹುದು. ನನಗೆ ಆ ಕ್ಲಿಪ್ ನೋಡಿದಾಗ ಕಣ್ಣು ತುಂಬಿ ಬಂತು, ಇಷ್ಟು ವರ್ಷ ರಿಂಗಲ್ಲಿ ಬೆವರು ಸುರಿಸಿದ ಹುಡುಗಿಗೆ ನನ್ನ ದೇಶ ನನ್ನ ಹೆಸರು ಹೇಳ್ತಿದೆಯಾ ಅಂತ ತಿಳ್ಕೋಬೇಕು ಅನ್ನಿಸಿದ್ರಲ್ಲಿ ಏನು ತಪ್ಪು. 2023ರಲ್ಲಿ ದೆಹಲೀಲಿ ಅವಳು ಮತ್ತೆ ಗೆದ್ಲು, ಅದೇ ಕೂಟದಲ್ಲಿ ಲವ್ಲೀನಾ, ನೀತು, ಸವೀಟಿ ಕೂಡ, ಒಟ್ಟು ನಾಲ್ಕು ಚಿನ್ನ. ನಮ್ಮ ಗೋಡೌನ್ ಗೋಡೇಲಿ ಆ ನಾಲ್ವರ ಫೋಟೋ ಇದೆ, ಅಂಟಿಸಿದ್ದು ಮಕ್ಕಳೇ.

ಇನ್ನೊಂದು, ಪೇಜ್ ಇದ್ದಿದ್ದಕ್ಕೆ ನಿಜವಾಗಿ ಉಪಯೋಗ ಆಗಿದ್ದು ಒಂದು ಸುಳ್ಳು ಸುದ್ದಿ ಬಂದಾಗ. ಒಲಿಂಪಿಕ್ಸಿಂದ ಬಾಕ್ಸಿಂಗ್ ತೆಗೆದಾಯ್ತು, ಇನ್ನು ಮಕ್ಕಳನ್ನ ಕಳ್ಸಿ ಪ್ರಯೋಜನ ಇಲ್ಲ ಅಂತ ಒಂದು ಫಾರ್ವರ್ಡ್ ಓಡಾಡ್ತಿತ್ತು. ಅದರಲ್ಲಿ ಅರ್ಧ ನಿಜ ಇತ್ತು, ಅದಕ್ಕೇ ಜನ ನಂಬಿದ್ದು. ಹಳೇ ಅಂತಾರಾಷ್ಟ್ರೀಯ ಸಂಸ್ಥೆ ಐಬಿಎಗೆ ಕೊಟ್ಟಿದ್ದ ಮಾನ್ಯತೆಯನ್ನ ಒಲಿಂಪಿಕ್ ಸಮಿತಿ 2023ರ ಜೂನಲ್ಲಿ ವಾಪಸ್ ತಗೊಂಡಿತ್ತು, 2028ರ ಲಾಸ್ ಏಂಜಲೀಸ್ ಪಟ್ಟೀಲಿ ಮೊದಲಿಗೆ ಬಾಕ್ಸಿಂಗ್ ಇರ್ಲೇ ಇಲ್ಲ. ಆದ್ರೆ ವರ್ಲ್ಡ್ ಬಾಕ್ಸಿಂಗ್ ಅಂತ ಹೊಸ ಸಂಸ್ಥೆ ಬಂತು, 2025ರ ಫೆಬ್ರವರೀಲಿ ಅದಕ್ಕೆ ತಾತ್ಕಾಲಿಕ ಮಾನ್ಯತೆ ಸಿಕ್ತು, ಮಾರ್ಚಲ್ಲಿ ಬಾಕ್ಸಿಂಗ್ 2028ಕ್ಕೆ ಸೇರ್ತು. ಇದನ್ನ ನಾನು ಸಾರ್ ಹತ್ರ ಕೂತು ಅವರ ಧ್ವನೀಲೇ ರೆಕಾರ್ಡ್ ಮಾಡಿ ಒಂದು ನಿಮಿಷದ ಆಡಿಯೋ ಮಾಡಿ ಬಿಟ್ಟೆ. ವಿಡಿಯೋ ಅಲ್ಲ, ಆಡಿಯೋ. ಮಳೆ ಜೋರಾದಾಗ ಕರೆಂಟ್ ಹೋದ್ರೆ ನಮ್ಮ ಕಡೆ ಟವರೂ ಹೋಗುತ್ತೆ, ಒಂದು ಕಡ್ಡಿ ಸಿಗ್ನಲಲ್ಲಿ ವಿಡಿಯೋ ತೆಗೆಯಲ್ಲ, ಆಡಿಯೋ ಹೇಗೋ ತೆಗೆಯುತ್ತೆ. ದೊಡ್ಡ ಪಟ್ಟಣದವ್ರು ಹೇಳೋ ಟಿಪ್ಸಲ್ಲಿ ಇದೆಲ್ಲ ಇರಲ್ಲ. ಕಾಫಿ ಕೊಯ್ಲು ಟೈಮಲ್ಲಿ ಸಂಜೆ ಏಳಕ್ಕೆ ಹಾಕಿದ್ರೆ ಯಾರೂ ನೋಡಲ್ಲ, ಎಲ್ರೂ ತೋಟದಿಂದ ಬಂದು ಸ್ನಾನ ಮಾಡ್ತಿರ್ತಾರೆ, ಒಂಬತ್ತರ ಮೇಲೆ ಹಾಕ್ಬೇಕು. ಇದನ್ನೆಲ್ಲ ನಮ್ಮ ಊರು ನೋಡ್ಕೊಂಡೇ ಕಲೀಬೇಕು.

ಪೇಜಿಂದ ದುಡ್ಡು ಬಂದಿಲ್ಲ. ಗ್ಲೌಸ್ ಬಂದಿದೆ, ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮ ಕಡೆಯವ್ರೇ ಒಬ್ರು ವಿಡಿಯೋ ನೋಡಿ ಆರು ಜೊತೆ ಬಸ್ಸಲ್ಲಿ ಕಳ್ಸಿದ್ರು. ಸ್ಪಾನ್ಸರ್ ಮಾಡ್ತೀವಿ ಅಂತ ಒಂದು ಆನ್‌ಲೈನ್ ಗೇಮ್ ಆಪ್‌ನವ್ರು ಮೆಸೇಜ್ ಮಾಡಿದ್ರು, ದುಡ್ಡು ಹಾಕಿ ಆಡೋ ಗೇಮದು, ಸಾರ್ ಕೇಳಿ ಎರಡು ಸೆಕೆಂಡಲ್ಲಿ ಬೇಡ ಅಂದ್ರು. ನನಗೂ ಅದೇ ಸರಿ ಅನ್ನಿಸ್ತು.

ಮೂಗಲ್ಲಿ ರಕ್ತ ಬಂದಿತ್ತಲ್ಲ, ಆ ಹುಡುಗಿ ವಾಪಸ್ ಬರ್ಲಿಲ್ಲ. ಈಗ ಪಿಯುಸಿ ಓದ್ತಿದಾಳೆ, ಸಂತೆ ದಿನ ಒಂದ್ಸಲ ಸಿಕ್ಕಿದ್ಲು, ಮಾತಾಡಿಸಿದ್ಲು, ಅಕ್ಕ ಅಂದ್ಲು, ಬಾಕ್ಸಿಂಗ್ ವಿಷ್ಯ ನಾನೂ ಎತ್ತಲಿಲ್ಲ ಅವಳೂ ಎತ್ತಲಿಲ್ಲ. ಅವಳ ಹೆಡ್ ಗಾರ್ಡ್ ಇನ್ನೂ ಗೋಡೌನಲ್ಲಿ ಮೊಳೆಗೆ ನೇತು ಹಾಕಿದೆ, ಬೇರೆ ಮಕ್ಕಳು ಬಳಸ್ತಾರೆ.

ಈಗ ಒಂದು ಹೊಸ ಕೆಲಸಕ್ಕೆ ಕೈ ಹಾಕಿದೀನಿ, ಅದಕ್ಕೇ ಇಷ್ಟೆಲ್ಲ ಬರೆದಿದ್ದು. ನಮ್ಮ ಮನೆಗಳ ಟ್ರಂಕಲ್ಲಿ, ಮೆಡಲ್ ಇಟ್ಟ ಡಬ್ಬೀಲಿ, ಅಟ್ಟದಲ್ಲಿ, ಅಜ್ಜಂದಿರು ಮಿಲಿಟ್ರೀಲಿ ಬಾಕ್ಸಿಂಗ್ ಆಡಿದ ಫೋಟೋಗಳಿವೆ. ಕೇಳ್ತಾ ಹೋದ ಹಾಗೆ ಸಿಗ್ತಿವೆ. ಒಂದೊಂದನ್ನೇ ಸ್ಕ್ಯಾನ್ ಮಾಡಿ, ಅವರ ಮನೆ ಹೆಸರು ಊರು ರೆಜಿಮೆಂಟ್ ಬರೆದು, ಮನೆಯವ್ರು ಒಪ್ಪಿದ್ರೆ ಪೇಜಲ್ಲಿ ಹಾಕ್ತೀನಿ. ಮೊದಲನೇದು ಪೊನ್ನಂಪೇಟೆ ಕಡೆಯಿಂದ ಬಂತು, ಕಪ್ಪು ಬಿಳುಪು, ಬನಿಯನ್ ಹಾಕಿದ ಸಣಕಲು ಹುಡುಗ, ಕೈಯಲ್ಲಿ ದಿಂಬಿನಷ್ಟು ದಪ್ಪ ಗ್ಲೌಸು, ಹಿಂದೆ ಟೆಂಟು. ಫೋಟೋ ಹಿಂಬದೀಲಿ ಪೆನ್ಸಿಲಲ್ಲಿ ಬರೆದಿದ್ದು ಅಳಿಸಿ ಹೋಗಿದೆ, ಊರಿನ ಹೆಸರು ಮಾತ್ರ ಓದೋಕೆ ಆಗುತ್ತೆ. ಭಾನುವಾರ ಮಕ್ಕಳಿಗೆ ತೋರಿಸ್ದೆ. ಎಲ್ರೂ ಮುಖ ನೋಡ್ತಿದ್ರೆ ಒಬ್ಬಳು ಸಣ್ಣವಳು ಝೂಮ್ ಮಾಡಿ ಕಾಲು ನೋಡ್ತಿದ್ಲು, "ಅಕ್ಕ, ಇವರ ಹಿಮ್ಮಡೀನೂ ಮೇಲಿದೆ ನೋಡಿ" ಅಂದ್ಲು.

ನಿಮ್ಮ ಮನೇಲೂ ಅಂಥ ಫೋಟೋ ಇದ್ರೆ ಗೆದ್ದಲು ಹಿಡಿಯೋ ಮುಂಚೆ ಒಂದ್ಸಲ ಟ್ರಂಕ್ ತೆಗೆದು ನೋಡಿ. ಗೋಣಿಕೊಪ್ಪಕ್ಕೆ ಬರೋವಾಗ ತಂದ್ರೆ ನಾನೇ ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್ ಕೊಡ್ತೀನಿ, ಅಂಚು ಹರಿದಿದ್ರೂ ಪರ್ವಾಗಿಲ್ಲ.